ಲೋಭದ ಕೊನೆಯ ಮನೆ

ಕ್ರೋಧ, ಮಾನ, ಮಾಯೆ, ಲೋಭ ಎಂದು ಕಷಾಯಗಳನ್ನು ಎಣಿಸುವಾಗ ಲೋಭವು ಕೊನೆಯಲ್ಲಿ ನಿಲ್ಲುತ್ತದೆ. ಈ ಕ್ರಮದ ಹಿಂದೆ ಗಂಭೀರವಾದ ಅನುಭವವೊಂದಿದೆ. ಗುಣಸ್ಥಾನಗಳ ಸೋಪಾನವನ್ನು ಏರುವ ಆತ್ಮವು ಒಂಬತ್ತನೆಯ ಮೆಟ್ಟಿಲನ್ನು ದಾಟುವ ವೇಳೆಗೆ ಕ್ರೋಧ, ಮಾನ, ಮಾಯೆಗಳು ಉಪಶಮಗೊಂಡಿರುತ್ತವೆ, ಇಲ್ಲವೆ ಕ್ಷಯವಾಗಿರುತ್ತವೆ. ಹತ್ತನೆಯದಾದ ಸೂಕ್ಷ್ಮಸಾಂಪರಾಯದಲ್ಲಿಯೂ ಲೋಭದ ನವಿರಾದ ಎಳೆಯೊಂದು ಉಳಿದಿರುತ್ತದೆ ಎಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಅಷ್ಟು ಎತ್ತರಕ್ಕೇರಿದ ಮುನಿಗಳಲ್ಲಿಯೇ ಉಳಿಯಬಲ್ಲ ಲೋಭವು ಸಂಸಾರದಲ್ಲಿರುವ ಶ್ರಾವಕ ಶ್ರಾವಿಕೆಯರಲ್ಲಿ ಎಷ್ಟು ವೇಷಗಳನ್ನು ತೊಟ್ಟು ಅಡಗಿರಬಹುದು!

ಹಣದ ಲೋಭವನ್ನು ಗುರುತಿಸುವುದು ಕಠಿಣವಲ್ಲ. ತಕ್ಕಡಿಯಲ್ಲಿ ಮೋಸ ಮಾಡುವವನನ್ನೂ ಬಸದಿಯ ಜಮೀನನ್ನು ನುಂಗಿದವನನ್ನೂ ಊರೇ ಬೆರಳೆತ್ತಿ ತೋರಿಸುತ್ತದೆ. ಆದರೆ ಹಣದ ಆಸೆಯನ್ನು ಗೆದ್ದು, ಸರಳವಾಗಿ ಬಾಳಿ, ಜನಸೇವೆಗೆ ಮೈಯೊಡ್ಡಿದವನಲ್ಲಿ ಲೋಭವು ಎಲ್ಲಿಗೆ ಹೋಗಿ ನೆಲೆಸುತ್ತದೆ? ಅವನ ಸೇವೆಯ ಪುಣ್ಯವು ಆ ಲೋಭದ ಫಲವನ್ನು ಅಳಿಸಿಬಿಡುತ್ತದೆಯೆ? ಈ ಎರಡು ಪ್ರಶ್ನೆಗಳನ್ನು ಕ್ರೈಸ್ತ ಧರ್ಮದ ಬೋಧೆಯನ್ನೂ, ನಮ್ಮದೇ ನೆಲದಲ್ಲಿ ಬಾಳಿದ ಆ ಧರ್ಮದ ಒಬ್ಬ ಗುರುವಿನ ಜೀವನವನ್ನೂ ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನೆಲವು ಅನೇಕ ಧರ್ಮಗಳ ಹೆಜ್ಜೆಗಳನ್ನು ಹೊತ್ತಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ, ಊರಿಗೆ ಹೆಸರು ಕೊಟ್ಟ ಮಾನಸ್ತಂಭವೂ ಇವೆ. ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನಲ್ಲಿ ಪಾರ್ಶ್ವನಾಥ ಬಸದಿಯಿದೆ. ಪಾಂಡವಪುರವು ಹಿಂದೆ ಹಿರೋಡೆಯಾಗಿದ್ದು, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿತ್ತು. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗುಡಿ, ಜುಮ್ಮಾ ಮಸೀದಿ, ಆದಿನಾಥ ಬಸದಿಗಳಿದ್ದರೆ, ಅದೇ ದ್ವೀಪದ ಗಂಜಾಮಿನಲ್ಲಿ ಒಂದು ಇಗರ್ಜಿಯಿದೆ. ಆ ಇಗರ್ಜಿಯನ್ನು ಕಟ್ಟಿಸಿದವರೇ ನಮ್ಮ ಲೇಖನದ ವಿಷಯವಾದ ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಗಳು. ಅವರನ್ನು ಕುರಿತು ಹೇಳುವ ಮೊದಲು ಅವರು ಬೋಧಿಸಿದ ಧರ್ಮವು ಲೋಭದ ವಿಷಯದಲ್ಲಿ ಏನನ್ನು ಹೇಳುತ್ತದೆಂಬುದನ್ನು ತಿಳಿಯಬೇಕು.

ಸುವಾರ್ತೆಗಳಲ್ಲಿ ಲೋಭ ವಿಚಾರ

ಆಸ್ತಿಯ ಪಾಲಿನ ಜಗಳವನ್ನು ತೀರಿಸಿಕೊಡಬೇಕೆಂದು ಒಬ್ಬನು ಯೇಸುವಿನ ಬಳಿಗೆ ಬಂದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಯೇಸು ಪಂಚಾಯಿತಿ ಮಾಡಲು ಒಪ್ಪಲಿಲ್ಲ. ಬದಲಾಗಿ ಒಂದು ಕಥೆಯನ್ನು ಹೇಳಿದನು. ಹೊಲ ಚೆನ್ನಾಗಿ ಬೆಳೆದ ಸಾಹುಕಾರನೊಬ್ಬ ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ಇನ್ನು ಅನೇಕ ವರ್ಷಗಳ ಕಾಲ ಉಂಡು ಸುಖವಾಗಿರಬಹುದೆಂದು ಲೆಕ್ಕ ಹಾಕಿದ. ಅವನ ಆಯುಸ್ಸು ಅಂದಿನ ರಾತ್ರಿಗೇ ಮುಗಿದಿತ್ತು. ಅಣ್ಣತಮ್ಮಂದಿರ ಪಾಲುಪಟ್ಟಿಯ ವ್ಯಾಜ್ಯಗಳು ಕೋರ್ಟು ಹತ್ತುವುದನ್ನು ಕಂಡಿರುವ ನಮ್ಮ ಕುಟುಂಬಗಳಿಗೆ ಈ ಕಥೆಯ ಸಂದರ್ಭವನ್ನು ವಿವರಿಸಬೇಕಾಗಿಲ್ಲ.

ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೋಭವನ್ನು ವಿಗ್ರಹಾರಾಧನೆಗೆ ಸಮನಾಗಿ ಎಣಿಸಿದ್ದಾನೆ. ದೇವರಿಗೆ ಸಲ್ಲಬೇಕಾದ ನಂಬಿಕೆಯನ್ನು ಧನಕ್ಕೆ ಸಲ್ಲಿಸುವುದೇ ಲೋಭವೆಂಬುದು ಅವನ ಅಭಿಪ್ರಾಯ. ನಮ್ಮ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ ನನ್ನದೆಂಬ ಮೋಹದಲ್ಲಿ ಕಂಡರು. ಎರಡೂ ದೃಷ್ಟಿಗಳು ಪೆಟ್ಟಿಗೆಯನ್ನು ಬಿಟ್ಟು ಮನಸ್ಸನ್ನು ತೆರೆದು ನೋಡುತ್ತವೆ. ಆದರೂ ಇವು ಒಂದೇ ಎಂದು ಹೇಳುವುದು ಸರಿಯಾಗದು. ಕ್ರೈಸ್ತರಿಗೆ ಸಂಪತ್ತು ದೇವರದು, ಮನುಷ್ಯ ಅದರ ಪಾರುಪತ್ಯಗಾರ. ತಪ್ಪಿಗೆ ಕ್ಷಮೆಯೂ ದೇವರ ಕೃಪೆಯಿಂದ ದೊರೆಯತಕ್ಕದ್ದು. ನಮಗಾದರೋ ಲೋಭವು ಆತ್ಮಕ್ಕೆ ಕರ್ಮವನ್ನು ಅಂಟಿಸುವ ಕಷಾಯ. ಅದನ್ನು ತೊಳೆಯಬೇಕಾದವನು ಆ ಆತ್ಮನೇ. ತತ್ತ್ವದಲ್ಲಿ ದೂರವಿರುವ ಎರಡು ದಾರಿಗಳು ನಡತೆಯ ವಿಷಯದಲ್ಲಿ ಎಲ್ಲಿ ಹತ್ತಿರ ಬರುತ್ತವೆಂಬುದೇ ಇಲ್ಲಿ ವಿಚಾರಣೀಯ.

ಎರಡು ಪ್ರಸಂಗಗಳು ನಮ್ಮ ಪ್ರಶ್ನೆಗೆ ಬಹಳ ಸಮೀಪವಾಗಿವೆ. ಮೊದಲನೆಯದು ಜಕ್ಕಾಯನದು. ಇವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಜನರ ದೃಷ್ಟಿಯಲ್ಲಿ ಪಾಪಿ. ಯೇಸು ತನ್ನ ಮನೆಗೆ ಬಂದಾಗ ಅವನು ಎರಡು ನಿರ್ಧಾರಗಳನ್ನು ಪ್ರಕಟಿಸಿದ: ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದು, ಮತ್ತು ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದರೂ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುವುದು. ದಾನವೇ ಬೇರೆ, ಹಿಂದಿರುಗಿಸುವುದೇ ಬೇರೆ. ಅರ್ಧ ಆಸ್ತಿಯನ್ನೇ ದಾನವಿತ್ತೆನಾದ್ದರಿಂದ ಹಳೆಯ ಬಾಕಿ ತೀರಿತೆಂದು ಅವನು ಹೇಳಲಿಲ್ಲ.

ಎರಡನೆಯದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅನನೀಯ ಮತ್ತು ಅವನ ಹೆಂಡತಿ ಸಪ್ಫೈರಳ ಪ್ರಸಂಗ. ಅವರು ತಮ್ಮ ಭೂಮಿಯನ್ನು ಮಾರಿ, ಬಂದ ಹಣದಲ್ಲಿ ಒಂದು ಭಾಗವನ್ನು ಇಟ್ಟುಕೊಂಡು, ಉಳಿದುದನ್ನು ಪೂರ್ತಿ ಹಣವೆಂಬಂತೆ ಸಂಘಕ್ಕೆ ಅರ್ಪಿಸಿದರು. ಪೇತ್ರನು ಅವರನ್ನು ಖಂಡಿಸಿದ್ದು ಭಾಗವನ್ನು ಇಟ್ಟುಕೊಂಡದ್ದಕ್ಕಾಗಿ ಅಲ್ಲ. ಭೂಮಿ ಅವರದಾಗಿತ್ತು, ಹಣವೂ ಅವರದೇ, ಕೊಡಲೇಬೇಕೆಂಬ ಬಲವಂತವಿರಲಿಲ್ಲ. ಸ್ವಲ್ಪವನ್ನು ಕೊಟ್ಟು ಪೂರ್ತಿ ಕೊಟ್ಟೆವೆಂಬ ಕೀರ್ತಿಯನ್ನು ಪಡೆಯಬಯಸಿದ್ದೇ ಅವರ ಅಪರಾಧ. ಅಲ್ಲಿ ಲೋಭವು ಹಣದ ಚೀಲದಿಂದ ಹೊರಬಂದು ಹೆಸರಿನ ಮನೆಯನ್ನು ಹೊಕ್ಕಿತ್ತು.

ಗಂಜಾಮಿನ ದೊಡ್ಡಸ್ವಾಮಿಗಳು

ಜಾನ್ ಆಂತ್ವಾನ್ ದ್ಯುಬುವಾ ಫ್ರಾನ್ಸಿನ ಆರ್ದೆಷ್ ಪ್ರಾಂತದವರು. 1792ರಲ್ಲಿ ಗುರುದೀಕ್ಷೆಯನ್ನು ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಯಾಗಿ ಭಾರತಕ್ಕೆ ಹೊರಟರು. ಕೆಲವು ಕಾಲ ತಮಿಳು ಸೀಮೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದರು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು, ಮತವನ್ನೂ ಮನೆಮಾರುಗಳನ್ನೂ ಕಳೆದುಕೊಂಡಿದ್ದ ಕ್ರೈಸ್ತರಲ್ಲಿ ಬದುಕುಳಿದವರನ್ನು ಒಗ್ಗೂಡಿಸುವುದು ಅವರ ಮೊದಲ ಕಾರ್ಯವಾಯಿತು.

ಅವರು ಯುರೋಪಿಯನ್ನರ ಬಂಗಲೆಗಳಿಂದ ದೂರವಿದ್ದರು. ಈ ನೆಲದವರಂತೆ ಉಡುಪು ಧರಿಸಿ, ಪೇಟ ಸುತ್ತಿ, ಗಡ್ಡ ಬಿಟ್ಟು, ಕೋಲು ಹಿಡಿದು ಊರೂರು ತಿರುಗಿದರು. ಅನೇಕ ವರ್ಷಗಳ ಕಾಲ ಮಾಂಸವನ್ನೂ ತ್ಯಜಿಸಿದ್ದರು. ಇದು ಅಹಿಂಸಾವ್ರತದಿಂದ ಮೂಡಿದ ತ್ಯಾಗವೆಂದು ನಾವು ಹೇಳಿಕೊಳ್ಳಬೇಕಾಗಿಲ್ಲ. ತಾವು ಯಾರ ನಡುವೆ ಬಾಳುತ್ತಿದ್ದೇವೆಯೋ ಅವರ ಮನಸ್ಸಿಗೆ ನೋವಾಗದಂತೆ ಬಾಳಬೇಕೆಂಬ ವಿವೇಕದಿಂದ ಬಂದದ್ದು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಬಡತನದಲ್ಲಿ ಬಿದ್ದವರಿಗಾಗಿ ಹಾಸನದ ಸಮೀಪದ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ಭಿಕ್ಷೆ ನೀಡುವುದಕ್ಕಿಂತ ನೇಗಿಲು ನೀಡುವುದು ಮೇಲೆಂದು ಅರಿತ ಸೇವೆ ಅದು.

ಅವರ ಸೇವೆಯಲ್ಲಿ ಅತ್ಯಂತ ಸ್ಮರಣೀಯವಾದುದು ಸಿಡುಬಿನ ವಿರುದ್ಧದ ಹೋರಾಟ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ದೇವಿ ಹಾಕುವ ವಿಧಾನವನ್ನು ಪ್ರಯೋಗಿಸಿದ್ದು 1796ರಲ್ಲಿ. ಆ ಲಸಿಕೆ ಬೊಂಬಾಯಿಯನ್ನು ತಲುಪಿದ್ದು 1802ರಲ್ಲಿ. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಅದರ ಪ್ರಚಾರಕ್ಕೆ ನಿಂತರು. 1803-04ರ ಅವಧಿಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿದ ಲೆಕ್ಕ ದೊರೆಯುತ್ತದೆ. ರಸ್ತೆಗಳಿಲ್ಲದ, ಸಿಡುಬನ್ನು ಅಮ್ಮನ ಕೋಪವೆಂದು ನಂಬಿದ್ದ ಕಾಲದಲ್ಲಿ ಮಗುವಿನ ತೋಳನ್ನು ಪರದೇಶಿಯೊಬ್ಬನ ಕೈಗೆ ಒಡ್ಡಲು ತಾಯಂದಿರು ಒಪ್ಪಬೇಕಾದರೆ ಆ ಪರದೇಶಿಯ ನಡತೆಯಲ್ಲಿ ಎಂಥ ವಿಶ್ವಾಸ ಹುಟ್ಟಿರಬೇಕು! 1975ರಲ್ಲಿ ಭಾರತ ಕೊನೆಯ ಸಿಡುಬು ರೋಗಿಯನ್ನು ಕಂಡಿತು. 1980ರಲ್ಲಿ ಲೋಕವೇ ಆ ರೋಗದಿಂದ ಮುಕ್ತವಾಯಿತೆಂಬ ಘೋಷಣೆಯಾಯಿತು. ಆ ದೀರ್ಘ ಕಾರ್ಯದ ಆರಂಭದ ಹೆಜ್ಜೆಗಳಲ್ಲಿ ಗಂಜಾಮಿನ ದೊಡ್ಡಸ್ವಾಮಿಗಳ ಹೆಜ್ಜೆಯೂ ಇದೆ.

ಒಂದು ನಿಷ್ಠುರವಾದ ಲೆಕ್ಕ

1823ರಲ್ಲಿ ದ್ಯುಬುವಾ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕವಾಗಿ ಪ್ರಕಟವಾದವು. ಮಿಷನ್ ಸಂಸ್ಥೆಗಳು ತಮ್ಮ ಯಶಸ್ಸಿನ ವರದಿಗಳನ್ನು ಅಚ್ಚು ಹಾಕಿಸಿ ಚಂದಾ ಎತ್ತುತ್ತಿದ್ದ ಕಾಲವದು. ಅಂಥ ಸಮಯದಲ್ಲಿ ಈ ಪಾದ್ರಿಗಳು ಇಪ್ಪತ್ತೈದು ವರ್ಷಗಳ ದುಡಿಮೆಯಿಂದ ತಾವು ಮತಕ್ಕೆ ಸೇರಿಸಿದವರ ಸಂಖ್ಯೆ ಇನ್ನೂರು ಮುನ್ನೂರರಷ್ಟೇ ಎಂದೂ, ಅವರಲ್ಲಿಯೂ ಹೆಚ್ಚಿನವರು ದಿಕ್ಕಿಲ್ಲದೆ ಅಥವಾ ಮದುವೆಯಂತಹ ಸಂಬಂಧಗಳ ಅನುಕೂಲಕ್ಕಾಗಿ ಬಂದವರೆಂದೂ ಬರೆದರು. ತಮ್ಮ ಜೀವಿತದ ಮುಖ್ಯ ಉದ್ದೇಶವೇ ಫಲಿಸಲಿಲ್ಲವೆಂದು ಲೋಕದ ಮುಂದೆ ಒಪ್ಪಿಕೊಂಡರು. ಸ್ವಧರ್ಮದವರೇ ಸಿಟ್ಟಾದರು, ಬೇರೆ ಮಿಷನರಿಗಳು 1824ರ ಸುಮಾರಿಗೆ ಖಂಡನ ಗ್ರಂಥಗಳನ್ನೇ ಬರೆದರು.

ಈ ಲೆಕ್ಕದಲ್ಲಿ ಒಂದು ಕೊರತೆಯೂ ಇದೆ. ತಮ್ಮ ಬಳಿಗೆ ಬಂದ ಬಡವರನ್ನೂ ಅಸ್ಪೃಶ್ಯರೆನಿಸಿಕೊಂಡವರನ್ನೂ ಅವರು ಹಗುರವಾಗಿ ಎಣಿಸಿದರು. ಅವರೇ ನಂಬಿದ ಗ್ರಂಥದಲ್ಲಿ ಯೇಸು ದೇವಾಲಯದ ಹುಂಡಿಯ ಬಳಿ ಕುಳಿತು, ಧನಿಕರ ದೊಡ್ಡ ಕಾಣಿಕೆಗಳಿಗಿಂತ ಬಡ ವಿಧವೆಯ ಎರಡು ಕಾಸು ಹೆಚ್ಚಿನದೆಂದು ಎಣಿಸಿದ್ದಾನೆ. ಆ ಮಾಪಕದಿಂದ ಅಳೆದಿದ್ದರೆ ದಿಕ್ಕಿಲ್ಲದವನು ದಿಕ್ಕನ್ನು ಹುಡುಕಿ ಬಂದದ್ದು ಸಣ್ಣ ಸಂಗತಿಯಾಗುತ್ತಿರಲಿಲ್ಲ. ಆದರೂ ತನಗೆ ಕೀರ್ತಿ ತರುವ ಸುಳ್ಳನ್ನು ಬಿಟ್ಟು ಅಪಕೀರ್ತಿ ತರುವ ಸತ್ಯವನ್ನು ಬರೆದದ್ದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಸತ್ಯಾಣುವ್ರತವನ್ನು ಪಾಲಿಸುವವರು ಇದನ್ನು ಮೆಚ್ಚಲೇಬೇಕು.

ಬೇರೊಬ್ಬರ ಹೊತ್ತಿಗೆ

ಇಷ್ಟರಲ್ಲಿಯೇ ಲೇಖನವನ್ನು ಮುಗಿಸಿದ್ದರೆ ಇದೊಂದು ಸತ್ಪುರುಷರ ಚರಿತ್ರೆಯಾಗುತ್ತಿತ್ತು. ಸತ್ಯವು ಅದಕ್ಕೆ ಅವಕಾಶ ಕೊಡುವುದಿಲ್ಲ.

ದ್ಯುಬುವಾ ಇಂದು ಲೋಕಕ್ಕೆ ಪರಿಚಿತರಾಗಿರುವುದು ಹಿಂದೂಗಳ ರೀತಿನೀತಿ, ಸಂಪ್ರದಾಯ, ಆಚಾರಗಳನ್ನು ಕುರಿತ ಒಂದು ಮಹಾಗ್ರಂಥದ ಕರ್ತೃವೆಂದು. ಅದರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮದರಾಸಿಗೆ ಶಿಫಾರಸು ಮಾಡಿದರು. ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ಸ್ಟಾರ್ ಪಗೋಡಗಳಿಗೆ, ಎಂದರೆ ಮದರಾಸಿನ ವರಹಗಳಿಗೆ, ಕೊಂಡರು. 1816ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾಯಿತು. 1825ರಲ್ಲಿ ಫ್ರೆಂಚ್ ಮೂಲವೂ, 1897ರಲ್ಲಿ ಮ್ಯಾಕ್ಸ್ ಮುಲ್ಲರರ ಮುನ್ನುಡಿಯಿದ್ದ, ತಿದ್ದಿದ ಪಾಠದ ಹೊಸ ಇಂಗ್ಲಿಷ್ ಆವೃತ್ತಿಯೂ ಹೊರಬಂದವು. ಜೈನರನ್ನು ಕುರಿತ ಒಂದು ಅನುಬಂಧವೂ ಈ ಗ್ರಂಥದಲ್ಲಿರುವುದರಿಂದ ನಮ್ಮ ವಿದ್ವಾಂಸರಿಗೂ ಇದು ಪರಿಚಿತವೇ.

ಈ ಗ್ರಂಥದ ಬಹುಭಾಗ ದ್ಯುಬುವಾ ಅವರದಲ್ಲವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತಮ್ಮ ಸಂಶೋಧನೆಗಳಲ್ಲಿ, ಮುಖ್ಯವಾಗಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೋರಿಸಿಕೊಟ್ಟರು. ಅದರ ಮೂಲವನ್ನು ಬರೆದವರು ಗಾಸ್ತೋನ್ ಲೋರಾಂ ಕರ್ದೂ ಎಂಬ ಜೆಸ್ವಿತ್ ಪಾದ್ರಿ. ತೆಲುಗು ಸೀಮೆಯಲ್ಲಿಯೂ ಪುದುಚೇರಿಯಲ್ಲಿಯೂ ಅನೇಕ ದಶಕಗಳನ್ನು ಕಳೆದ ಇವರು ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು 1767ರಲ್ಲಿಯೇ ಪ್ಯಾರಿಸಿನ ವಿದ್ವತ್ಸಭೆಗೆ ಬರೆದು ತಿಳಿಸಿದ್ದರು. 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ವಿಸರ್ಜಿಸಿದರು. 1779ರಲ್ಲಿ ಕರ್ದೂ ತೀರಿಕೊಂಡರು. ಪುದುಚೇರಿಯ ಜೆಸ್ವಿತ್ ಮಿಷನ್ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಕೈಸೇರಿತು. ದ್ಯುಬುವಾ ಬಂದದ್ದು ಆ ಸಂಸ್ಥೆಯಿಂದಲೇ. ಕರ್ದೂರ ಹಸ್ತಪ್ರತಿ ಕಳೆದುಹೋದರೂ, ದೆವೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ 1770ರ ದಶಕದಲ್ಲಿ ಅದರಿಂದ ಸಿದ್ಧಪಡಿಸಿದ ಪ್ರತಿಯೊಂದು ಉಳಿದಿತ್ತು. ಅದನ್ನು ದ್ಯುಬುವಾ ಅವರ ಗ್ರಂಥದ ಜೊತೆಗಿಟ್ಟು ನೋಡಿದಾಗ ನಿಜ ಹೊರಬಿದ್ದಿತು. ದ್ಯುಬುವಾ ತಮ್ಮ ಅನುಭವದಿಂದ ಸೇರಿಸಿದ್ದೂ ಗ್ರಂಥದಲ್ಲಿದೆ. ಆದರೆ ಕರ್ದೂರ ಋಣವನ್ನು ಅವರು ಸ್ಮರಿಸಲಿಲ್ಲ. ಹೊತ್ತಿಗೆಯ ಮೇಲೆ ಉಳಿದದ್ದು ದ್ಯುಬುವಾ ಎಂಬ ಒಂದೇ ಹೆಸರು.

ಅವರ ಪರವಾಗಿ ಹೇಳಬಹುದಾದ ಮಾತುಗಳಿವೆ. ಮಿಷನ್ನಿನ ಹಸ್ತಪ್ರತಿಗಳು ಸಂಸ್ಥೆಯ ಸಾಮಾನ್ಯ ಸ್ವತ್ತೆಂಬ ಭಾವನೆ ಅಂದು ಇದ್ದಿರಬಹುದು. ಕರ್ತೃತ್ವದ ಕಲ್ಪನೆ ಇಂದಿನಷ್ಟು ಬಿಗಿಯಾಗಿರಲಿಲ್ಲ. ಅವರಿಲ್ಲದಿದ್ದರೆ ಆ ಜ್ಞಾನ ಪೆಟ್ಟಿಗೆಯಲ್ಲಿ ಕೊಳೆಯುತ್ತಿತ್ತೇನೋ. ಈ ಸಮಾಧಾನಗಳನ್ನು ಅನನೀಯನ ಪ್ರಸಂಗದ ಪಕ್ಕದಲ್ಲಿಟ್ಟು ನೋಡೋಣ. ಕರ್ದೂರ ಗ್ರಂಥವನ್ನು ತಿದ್ದಿ, ಬೆಳೆಸಿ, ಇದು ಇಂಥವರ ದುಡಿಮೆ, ಇಷ್ಟು ನನ್ನದು ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅದೇ ಒಂದು ದೊಡ್ಡ ಸೇವೆಯಾಗುತ್ತಿತ್ತು. ಭಾಗವನ್ನು ಪೂರ್ತಿಯೆಂದು ತೋರಿಸಿದ್ದೇ ತಪ್ಪು. ತಮ್ಮ ಜೀವನದ ಸೋಲನ್ನು ಲೋಕಕ್ಕೆ ಸಾರುವ ಧೈರ್ಯವಿದ್ದ ಮನುಷ್ಯನಿಗೆ ಇನ್ನೊಬ್ಬರ ಹೆಸರನ್ನು ಬರೆಯುವ ಒಂದು ಸಾಲು ಭಾರವಾಯಿತು. ಸೂಕ್ಷ್ಮಲೋಭದ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಮ್ಮ ಶ್ರಾವಕಾಚಾರದ ಭಾಷೆಯಲ್ಲಿ ಈ ದೋಷಕ್ಕೆ ಸ್ಪಷ್ಟವಾದ ಸ್ಥಾನವಿದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಒಂದು ಸರಕನ್ನು ಅದರಂತೆ ತೋರುವ ಇನ್ನೊಂದರ ಹೆಸರಿನಲ್ಲಿ ಸಾಗಿಸುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇಟ್ಟುಹೋದ ನಿಕ್ಷೇಪದ ಪ್ರಮಾಣವನ್ನು ಇಟ್ಟವನು ಮರೆತರೆ ಮರೆತಷ್ಟನ್ನು ತಾನು ಉಳಿಸಿಕೊಳ್ಳುವುದು. ಸತ್ತವನ ಬರಹಕ್ಕಿಂತ ನಿಸ್ಸಹಾಯಕವಾದ ನಿಕ್ಷೇಪ ಯಾವುದಿದೆ? ಕೇಳಲು ಒಡೆಯನಿಲ್ಲ, ಅವನ ಸಂಘವೂ ಉಳಿದಿರಲಿಲ್ಲ. ಇಂಥ ನ್ಯಾಸಾಪಹಾರವನ್ನು ನಮ್ಮ ಆಚಾರ್ಯರು ಅಚೌರ್ಯದಲ್ಲಿ ಸೇರಿಸದೆ ಸತ್ಯವ್ರತದ ಅಡಿಯಲ್ಲಿ ಇಟ್ಟಿರುವುದು ಗಮನಾರ್ಹ. ಅಪಹರಿಸುವುದಕ್ಕೆ ಅಲ್ಲಿ ಕೈ ಬೇಕಾಗಿಲ್ಲ, ಮೌನವೇ ಸಾಕು.

ಪುಣ್ಯದಲ್ಲಿ ಪಾಪ ವಜಾ ಆಗುವುದೆ?

ಇಪ್ಪತ್ತೈದು ಸಾವಿರ ಜನರ ಪ್ರಾಣರಕ್ಷಣೆಯ ಎದುರಿಗೆ ಒಂದು ಪುಸ್ತಕದ ಹೆಸರು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ವ್ಯಾಪಾರಸ್ಥರಾದ ನಮಗೆ ಜಮಾ ಖರ್ಚುಗಳನ್ನು ಎದುರುಬದುರಾಗಿ ಬರೆದು ಬಾಕಿ ತೆಗೆಯುವ ಅಭ್ಯಾಸವಿರುವುದರಿಂದ ಈ ಮಾತು ಬಹಳ ಸಹಜವಾಗಿ ಕಾಣುತ್ತದೆ. ಕರ್ಮಸಿದ್ಧಾಂತ ಈ ಲೆಕ್ಕವನ್ನು ಒಪ್ಪುವುದಿಲ್ಲ. ಶುಭಾಸ್ರವವೂ ಆಸ್ರವವೇ, ಅಶುಭಾಸ್ರವವೂ ಆಸ್ರವವೇ. ದೇವಿ ಹಾಕಿಸಿಕೊಂಡ ಮಗು ಬದುಕಿದ್ದರ ಪುಣ್ಯ ದ್ಯುಬುವಾ ಅವರದು, ಅದನ್ನು ಯಾವ ಸಂಶೋಧನೆಯೂ ಕಿತ್ತುಕೊಳ್ಳಲಾರದು. ಹಾಗೆಯೇ ಕರ್ದೂರ ಹೆಸರನ್ನು ಮುಚ್ಚಿದ ದೋಷವೂ ಅವರದೇ, ಅದನ್ನು ಯಾವ ಸೇವೆಯೂ ಮುಚ್ಚಲಾರದು. ದೋಷವನ್ನು ಸವೆಸುವ ದಾರಿ ಬೇರೆಯೇ ಇದೆ: ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತ. ಜಕ್ಕಾಯನೂ ದಾನವನ್ನೂ ಹಿಂದಿರುಗಿಸುವುದನ್ನೂ ಬೇರೆ ಬೇರೆಯಾಗಿ ಹೇಳಿದ್ದು ನಮಗೆ ಇಲ್ಲಿ ನೆನಪಾಗಬೇಕು.

ಅನೇಕಾಂತವನ್ನು ಇಂಥ ಸಂದರ್ಭಗಳಲ್ಲಿ ಕೆಲವರು ತಪ್ಪಾಗಿ ಬಳಸುತ್ತಾರೆ. ಒಂದು ನಯದಿಂದ ಸರಿ, ಇನ್ನೊಂದು ನಯದಿಂದ ತಪ್ಪು, ಆದ್ದರಿಂದ ಮಾತನಾಡುವುದೇ ಬೇಡ ಎನ್ನುತ್ತಾರೆ. ಅನೇಕಾಂತವು ಕಣ್ಣು ಮುಚ್ಚಿಕೊಳ್ಳುವ ವಿದ್ಯೆಯಲ್ಲ, ಎರಡೂ ಕಡೆ ಕಣ್ಣು ತೆರೆಯುವ ವಿದ್ಯೆ. ಸೇವಕನನ್ನು ಗೌರವಿಸುತ್ತಲೇ ಅವನ ದೋಷವನ್ನು ದೋಷವೆಂದು ಹೇಳುವುದಕ್ಕೂ, ದೋಷವನ್ನು ಕಂಡೊಡನೆ ಅವನ ಸೇವೆಯನ್ನು ಅಲ್ಲಗಳೆಯದಿರುವುದಕ್ಕೂ ಅದೇ ನಮಗೆ ಆಧಾರ.

ಹೆಸರು: ಹೊಣೆಯೋ ಕೂಲಿಯೋ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಕನ್ನಡದ ಮನೆಮನೆಯಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಪರ್ವತ ಪ್ರಸಂಗದಲ್ಲಿ ಇದೇ ಭಾವದ ಬೋಧೆಯಿದೆ. ಜನರ ಹೊಗಳಿಕೆಗಾಗಿ ತುತ್ತೂರಿ ಊದಿಸಿ ದಾನ ಮಾಡುವವನಿಗೆ ಆ ಹೊಗಳಿಕೆಯೇ ಸಂಬಳ, ಅದರಾಚೆಗೆ ಏನೂ ದೊರೆಯದು ಎಂಬುದು ಅದರ ತಾತ್ಪರ್ಯ. ಆದರೆ ಅದೇ ಪ್ರಸಂಗದ ಹಿಂದಿನ ಭಾಗದಲ್ಲಿ, ನಿಮ್ಮ ಸತ್ಕಾರ್ಯಗಳು ದೀಪದಂತೆ ಎಲ್ಲರಿಗೂ ಕಾಣಲಿ ಎಂಬ ಅರ್ಥದ ಬೋಧೆಯೂ ಇದೆ. ಕಾಣಬೇಕೋ ಕಾಣಬಾರದೋ? ಉತ್ತರವು ಉದ್ದೇಶದಲ್ಲಿದೆ. ಕಾರ್ಯವು ಬೆಳಗಬೇಕು, ಕರ್ತನು ಬೆಳಕಿನಲ್ಲಿ ನಿಲ್ಲಲು ಹವಣಿಸಬಾರದು.

ನಮ್ಮ ಪರಂಪರೆಯಲ್ಲಿಯೂ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಯುದ್ಧದಲ್ಲಿ ಜಯ ತಂದಾಗ ಅರಸನು ಬೇಡಿದುದನ್ನು ಕೊಡುವೆನೆಂದ. ಗಂಗರಾಜನು ಪರಮ ಎಂಬ ಗ್ರಾಮವನ್ನು ಕೇಳಿ ಪಡೆದು, ತನ್ನ ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ ಅದನ್ನು ಒಪ್ಪಿಸಿಬಿಟ್ಟನು. ಶ್ರವಣಬೆಳಗೊಳದ ಶಾಸನಗಳು ಇದನ್ನು ದಾಖಲಿಸಿವೆ. ಆದರೆ ದಾನಶಾಸನದಲ್ಲಿ ದಾನಿಯ ಹೆಸರಿನ ಜೊತೆಗೆ ಏನೇನಿರುತ್ತದೆಂಬುದನ್ನು ಗಮನಿಸಬೇಕು: ಯಾರಿಂದ ಬಂದ ಭೂಮಿ, ಯಾವ ಕಾರ್ಯಕ್ಕೆ, ಯಾವ ಗುರುಗಳ ವಶಕ್ಕೆ, ಯಾವ ಎಲ್ಲೆಗಳೊಳಗೆ, ಅದನ್ನು ಕೆಡಿಸಿದವರಿಗೆ ಯಾವ ಪಾಪ. ಅಲ್ಲಿ ಹೆಸರು ಒಂದು ಹೊಣೆಗಾರಿಕೆಯ ಪತ್ರದ ಭಾಗ. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಮೊತ್ತ ಮತ್ತು ಹೆಸರು ಉಳಿದು, ಹೊಣೆ ಮಾಯವಾಗಿದೆ. ಅಂಥ ಹೆಸರು ಕೂಲಿಯಾಗುತ್ತದೆ.

ಸುವಾರ್ತೆಯ ಬಡ ವಿಧವೆಯಂತೆ ನಮಗೂ ಒಬ್ಬ ತಾಯಿಯಿದ್ದಾಳೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಕೊಡಗಟ್ಟಲೆ ಹಾಲಿನಿಂದ ಅಭಿಷೇಕ ಮಾಡಿಸಿದರೂ ಹಾಲು ಪಾದದವರೆಗೆ ಇಳಿಯಲಿಲ್ಲವೆಂದೂ, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹನಿ ಹಾಲು ಇಡೀ ಮೂರ್ತಿಯನ್ನು ತೊಯಿಸಿ ಹರಿಯಿತೆಂದೂ ಐತಿಹ್ಯ ಹೇಳುತ್ತದೆ. ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ಕೈಯಲ್ಲಿ ಆ ಕಾಯನ್ನು ಹಿಡಿದು ನಿಂತಿದೆ. ಆಕೆಯ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಆಕೆ ತಂದ ಪಾತ್ರೆಯ ಹೆಸರೇ ಆಕೆಗೆ ನಿಂತಿದೆ. ಹೆಸರನ್ನು ಕೇಳದೆ ಕೊಟ್ಟವರ ನೆನಪು ಸಾವಿರ ವರ್ಷ ಬಾಳಬಲ್ಲುದೆಂದು ಬಲ್ಲ ಸಮಾಜ ನಮ್ಮದು. ಕಲಶದ ಸರದಿಯನ್ನು ಸವಾಲಿನ ಮೊತ್ತದಿಂದ ನಿಶ್ಚಯಿಸುವಾಗಲೂ ಆಕೆ ಎದುರಿಗೇ ನಿಂತಿರುತ್ತಾಳೆ.

ನಮ್ಮ ನ್ಯಾಸಗಳಿಗೆ

ಬಸದಿಗಳ ಟ್ರಸ್ಟುಗಳನ್ನು ನಾವು ನ್ಯಾಸಗಳೆಂದೂ ಕರೆಯುತ್ತೇವೆ. ನ್ಯಾಸವೆಂದರೆ ನಂಬಿ ಇಟ್ಟದ್ದು. ಹಾಗಿರುವಾಗ ನ್ಯಾಸಾಪಹಾರದ ಎಚ್ಚರವು ಉಳಿದವರಿಗಿಂತ ಧರ್ಮದರ್ಶಿಗಳಿಗೆ ಹೆಚ್ಚು ಸಲ್ಲಬೇಕು. ಮೇಲಿನ ವಿಚಾರದಿಂದ ಕೆಲವು ನಡೆಗಳು ಸಹಜವಾಗಿ ಹೊರಡುತ್ತವೆ.

ಮೊದಲನೆಯದಾಗಿ, ಜೀರ್ಣೋದ್ಧಾರ, ಪಂಚಕಲ್ಯಾಣಗಳ ಸ್ಮರಣ ಸಂಚಿಕೆಗಳಲ್ಲಿ ಕ್ಷೇತ್ರದ ಇತಿಹಾಸವನ್ನು ಅಚ್ಚು ಹಾಕುವಾಗ, ಅದನ್ನು ಹಿಂದೆ ಕಲೆಹಾಕಿದವರು ಯಾರು, ಶಾಸನವನ್ನು ಓದಿದವರು ಯಾರು ಎಂಬುದನ್ನು ಬರೆಯಬೇಕು. ಹಳೆಯ ಮೇಷ್ಟರೊಬ್ಬರು ವರ್ಷಗಟ್ಟಲೆ ತಿರುಗಿ ಬರೆದಿಟ್ಟ ಟಿಪ್ಪಣಿಯು ಸಂಪಾದಕರ ಹೆಸರಿನಲ್ಲಿ ಬರುವುದು ಸಣ್ಣ ದೋಷವೆಂದು ತಿಳಿಯಬಾರದು. ಕರ್ದೂರವರಿಗೆ ಆದ ಅನ್ಯಾಯವು ಬಯಲಾಗಲು ಇನ್ನೂರು ವರ್ಷಗಳು ಬೇಕಾದವು.

ಎರಡನೆಯದಾಗಿ, ಸೋಲಿನ ಲೆಕ್ಕವನ್ನೂ ಬರೆಯಬೇಕು. ಪಾಠಶಾಲೆಗೆ ಮಕ್ಕಳು ಬಾರದಿದ್ದರೆ, ವಿದ್ಯಾರ್ಥಿನಿಲಯದ ನಿಧಿ ಬೇರೆ ಬಾಬತ್ತಿಗೆ ಖರ್ಚಾಗಿದ್ದರೆ, ವಾರ್ಷಿಕ ವರದಿಯಲ್ಲಿ ಅದನ್ನು ಹಾಗೆಯೇ ಕಾಣಿಸಬೇಕು. ದ್ಯುಬುವಾ ತಮ್ಮ ಮಿಷನ್ನಿನ ವಿಷಯದಲ್ಲಿ ಮಾಡಿದ್ದನ್ನು ನಾವು ನಮ್ಮ ಸಂಸ್ಥೆಗಳ ವಿಷಯದಲ್ಲಿ ಮಾಡಲಾರೆವೆ? ಮೂರನೆಯದಾಗಿ, ದಾನವನ್ನು ಸ್ವೀಕರಿಸುವ ಮುನ್ನ ದಾನಿಯೂ, ಸ್ವೀಕರಿಸುವವರೂ ಜಕ್ಕಾಯನ ಎರಡನೆಯ ನಿರ್ಧಾರವನ್ನು ಸ್ಮರಿಸಬೇಕು. ಕೆಲಸಗಾರರ ಬಾಕಿ ಕೂಲಿ, ಅಣ್ಣತಮ್ಮಂದಿರಿಗೆ ಸಲ್ಲಬೇಕಾದ ಪಾಲು ಉಳಿದಿರುವಾಗ ಶಿಖರಕ್ಕೆ ಕೊಟ್ಟ ಕಳಶವು ಹಿಂದಿರುಗಿಸಬೇಕಾದ ಋಣವನ್ನು ತೀರಿಸುವುದಿಲ್ಲ. ಕೊನೆಯದಾಗಿ, ಫಲಕ ಬೇಕೆಂದಾದರೆ ಅದರಲ್ಲಿ ಕಲ್ಲು ಕಡೆದ ಶಿಲ್ಪಿಯ ಹೆಸರಿಗೂ, ದಾನದ ಉದ್ದೇಶಕ್ಕೂ, ಅದನ್ನು ಪಾಲಿಸತಕ್ಕವರ ಹೊಣೆಗೂ ಸ್ಥಳವಿರಲಿ.

ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನವು ಲೋಭತ್ಯಾಗಕ್ಕೆ ಮೀಸಲಾಗಿದೆ. ಅಂದು ಪ್ರವಚನವನ್ನು ಕೇಳಿದ ಬಳಿಕ ಪ್ರತಿಯೊಂದು ನ್ಯಾಸದ ಸದಸ್ಯರೂ ಲೆಕ್ಕದ ಪುಸ್ತಕದೊಡನೆ ಒಂದು ಗಳಿಗೆ ಕುಳಿತು, ನಮ್ಮ ಕೈಸೇರಿದ್ದರಲ್ಲಿ ನಮ್ಮದಲ್ಲದ್ದು ಯಾವುದು, ನಮ್ಮ ಹೆಸರಿನಲ್ಲಿ ನಡೆದುದರಲ್ಲಿ ಬೇರೆಯವರ ದುಡಿಮೆ ಎಷ್ಟು ಎಂದು ಪರಿಶೀಲಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಪರ್ವವು ಸಾರ್ಥಕವಾದೀತು. ಹಾಗೆ ಕಂಡುಬಂದ ಹೆಸರುಗಳನ್ನು ಕ್ಷಮಾವಣಿಯ ದಿನ ಸಭೆಯಲ್ಲಿ ಓದಿ, ಬದುಕಿರುವವರ ಕ್ಷಮೆಯನ್ನೂ ಗತಿಸಿದವರ ಸ್ಮರಣೆಯನ್ನೂ ಒಟ್ಟಿಗೆ ಮಾಡಬಹುದು.